ಪಳಗಿದ ಮಡಕೆ

"ಅದನ್ನ ಕೆಳಗಿಡು ಶಾಂತಮ್ಮ. ಅದು ಬ್ಯಾಡ."

ತಿಪ್ಪೇಸ್ವಾಮಿಯ ದನಿ ತಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ನಲ್ಲಿಯ ಕೆಳಗೆ ಮಡಕೆ ಹಿಡಿದು ನಿಂತಿದ್ದ, ಅವನ ಹೆಂಡತಿ ಚಂಪಾಳ ಜೊತೆ ಕೆಲಸ ಮಾಡುತ್ತಿದ್ದ ಶಾಂತಾ ಬೆಚ್ಚಿ ಹಿಂದೆ ನೋಡಿದಳು. ಮಡಕೆಗೆ ಆಗಲೇ ಅರ್ಧ ನೀರು ತುಂಬಿತ್ತು. ಅವನು ಹತ್ತಿರ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡ. ನೀರನ್ನೆಲ್ಲ ಸಿಂಕಿಗೆ ಚೆಲ್ಲಿ, ಓವನ್ನಿನ ಹಿಡಿಗೆ ನೇತುಹಾಕಿದ್ದ ಟವೆಲಿನಿಂದ ಒಳಗೂ ಹೊರಗೂ ಒರೆಸಿದ. ಎಲ್ಲಿಡುವುದೆಂದು ಒಂದು ಗಳಿಗೆ ಸುತ್ತ ನೋಡಿ, ಕೊನೆಗೆ ಫ್ರಿಜ್ಜಿನ ಮೇಲೆ ಗೋಡೆಗೆ ಒತ್ತಿ ಇಟ್ಟ.

"ಅಲ್ಲ ಅಣ್ಣ, ಮಣ್ಣಿನ ಮಡಕೇನೇ ಬೇಕು ಅಂದ್ರು ಕೇಶವಮೂರ್ತಿ ಅಂಕಲ್," ಎಂದಳು ಶಾಂತಾ. "ಹೆಗಲ ಮೇಲೆ ನೀರು ಹೊತ್ತು ಮೂರು ಸುತ್ತು ಬಂದು ಒಡೀಬೇಕಲ್ಲ. ಈ ಅಪ್ಪರ್ ಹಟ್ ಊರಲ್ಲಿ ಮಡಕೆ ಎಲ್ಲಿಂದ ತರೋಣ? ಚಂಪಕ್ಕಂಗೆ ಅಷ್ಟು ಇಷ್ಟವಾಗಿದ್ದು, ಅವಳ ಜೊತೆಗೇ ಹೋಗ್ಲಿ ಅಂತ ತಗೊಂಡೆ."

"ಬ್ಯಾಡ ಅಂದ್ನಲ್ಲ."

ಅಡುಗೆಮನೆಯಲ್ಲಿದ್ದ ಇನ್ನಿಬ್ಬರು ಹೆಂಗಸರು ಅವಲಕ್ಕಿ ತೊಳೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಅವನು ಹೊರಗೆ ಬಂದ.

ಹಾಲಿನಲ್ಲಿ ಸೋಫಾಗಳನ್ನೆಲ್ಲ ಗೋಡೆಗೆ ಸರಿಸಿ ನಡುವೆ ಶವದ ಪೆಟ್ಟಿಗೆ ಇಟ್ಟಿದ್ದರು. ಹೆಣ ಇರುವ ಮನೆಯಲ್ಲಿ ಬಿಸಿಗಾಳಿಯ ಹೀಟ್‌ಪಂಪ್ ಹಾಕಬಾರದೆಂದು ಫ್ಯೂನರಲ್ ಹೋಮಿನವರು ಹೇಳಿ ಹೋಗಿದ್ದರಿಂದ, ಬಂದವರೆಲ್ಲ ಜಾಕೆಟ್ಟು ತೊಟ್ಟುಕೊಂಡೇ, ಬರೀ ಸಾಕ್ಸಿನ ಕಾಲು ಮಡಿಚಿ ಕಾರ್ಪೆಟ್ಟಿನ ಮೇಲೆ ಕೂತಿದ್ದರು. ದಕ್ಷಿಣದ ಚಳಿಗಾಳಿ ಬೇಲಿಯ ಹಲಗೆಗಳನ್ನು ಬಡಿಯುತ್ತಿತ್ತು. ಚಂಪಾಳ ಮುಖಕ್ಕೆ ಯಾರೋ ಅವಳದಲ್ಲದ ಬಣ್ಣದ ಪೌಡರು ಹಚ್ಚಿದ್ದರು. ಶಾಂತಾ ಬೆಳಿಗ್ಗೆ ಬಂದವಳೇ ಹಣೆಗೆ ಅಗಲವಾಗಿ ಕುಂಕುಮ ಇಟ್ಟಿದ್ದಳು. ಅದೊಂದೇ ಚಂಪಾಳಂತೆ ಕಾಣುತ್ತಿತ್ತು.

ಕೇಶವಮೂರ್ತಿಯವರು ಪೆಟ್ಟಿಗೆಯ ತಲೆಯ ಕಡೆ ದೀಪಕ್ಕೆ ಎಣ್ಣೆ ಬಿಡುತ್ತಿದ್ದರು. ಮೈಸೂರಿನ ಕಡೆಯವರು, ನಿವೃತ್ತ ಇಂಜಿನಿಯರು. ಪುರೋಹಿತರಲ್ಲ. ಆದರೆ ಹಟ್ ಕಣಿವೆಯ ಕನ್ನಡದವರಿಗೆ ನಾಮಕರಣದಿಂದ ಹಿಡಿದು ಇಂಥದ್ದರವರೆಗೆ ಅವರೇ ದಿಕ್ಕು.

"ಮಡಕೆ ಸಿಕ್ತಾ?" ಎಂದು ಕೇಳಿದರು.

"ಇಲ್ಲ ಸಾರ್. ಬ್ಯಾರೆ ಏನಾದ್ರೂ ನೋಡಾಣ."

"ಚಂಪಮ್ಮನ ಅಡುಗೆಮನೇಲಿ ಒಂದು ಇದೆಯಲ್ಲಪ್ಪ. ಮೆಕ್ಸಿಕೋದ್ದು, ಹೂವಿನ ಚಿತ್ರ ಇರೋದು. ಬಂದೋರಿಗೆಲ್ಲ ತೋರಿಸೋಳು."

ತಿಪ್ಪೇಸ್ವಾಮಿ ಕೇಳಿಸದವನಂತೆ ಕಿಟಕಿಯ ಕಡೆ ಹೋದ. ಹೊರಗೆ ಉದ್ದನೆಯ ಕರಿ ಕಾರಿನಲ್ಲಿ ಫ್ಯೂನರಲ್ ಹೋಮಿನ ಇಬ್ಬರು ಹುಡುಗಿಯರು ಗಾಜು ಏರಿಸಿಕೊಂಡು ಕೂತಿದ್ದರು. ಮಗಳ ಕಾರು ಇನ್ನೂ ಬಂದಿರಲಿಲ್ಲ. ಬೆನ್ನ ಹಿಂದೆ, ಕಾರಿಡಾರಿನಲ್ಲಿ, ಮೆಲ್ಲಗೆ ಮಾತಾಡುತ್ತಿದ್ದೇವೆಂದುಕೊಂಡವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

"ಮಗಳಿರೋ ಪೊರಿರುವಾ ಏನು ದೂರಾನಾ? ಅರ್ಧ ಗಂಟೆ ದಾರಿ."

"ಆಸ್ಪತ್ರೆಗೂ ಒಂದೇ ಸಲ ಬಂದಿದ್ದಳಂತೆ. ಬಂದು, ಮಂಚದ ಕಾಲ ಹತ್ರ ನಿಂತು ಹೋದಳಂತೆ."

"ಬಾಣಂತನ ಎಲ್ಲಾ ಮಾಡಿಸ್ಕೊಂಡ್ಲು. ಆಮೇಲೆ ಅಮ್ಮ ಬೇಡವಾದ್ಲು. ಒಬ್ಬಳೇ ಮಗಳು ಬೇರೆ."

ಒಂದು ಮಾತು ಹೇಳಿದರೆ ಅವರ ಬಾಯಿ ನಿಲ್ಲುತ್ತಿತ್ತು. ಹೇಳುವುದಿಲ್ಲವೆಂದು ಅವನು ಚಂಪಾಳಿಗೆ ಮಾತು ಕೊಟ್ಟಿದ್ದ. ಅವಳು ಅಲ್ಲೇ, ಅವನಿಂದ ನಾಲ್ಕು ಹೆಜ್ಜೆ ಆಚೆ, ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

* * *

ಚಂಪಾ ಕುಂಬಾರರ ಮನೆಯ ಮಗಳು. ಚಳ್ಳಕೆರೆಯ ಆಚೆಯ ಊರಿನಲ್ಲಿ ಅವಳಪ್ಪ ತಿಗರಿ ತಿರುಗಿಸುತ್ತಿದ್ದರೆ ಅವಳು ಮಣ್ಣು ತುಳಿಯುತ್ತಿದ್ದಳು. ದಾವಣಗೆರೆಯಲ್ಲಿ ನರ್ಸಿಂಗ್ ಓದಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಿಪ್ಪೇಸ್ವಾಮಿಯನ್ನು ಮದುವೆಯಾದಳು. ಅಪೇಕ್ಷಾ ಒಂದನೇ ತರಗತಿಗೆ ಹೋಗುವ ಹೊತ್ತಿಗೆ ಗಂಡನನ್ನೂ ಮಗಳನ್ನೂ ಕಟ್ಟಿಕೊಂಡು ಈ ದೇಶಕ್ಕೆ ಬಂದಳು. ಬಂದದ್ದು ಅವಳ ಕೆಲಸದ ಬಲದಿಂದ. ಅವನು ಹಿಂದೆ ಬಂದವನು. ಇಲ್ಲಿ ವೃದ್ಧರ ರೆಸ್ಟ್ ಹೋಮ್ ಒಂದರಲ್ಲಿ, ಬೇರೆಯವರ ಅಪ್ಪ ಅಮ್ಮಂದಿರನ್ನು ಮಗ್ಗುಲು ಹೊರಳಿಸುತ್ತ, ತಲೆ ಬಾಚುತ್ತ, ಬಾಯಿಗೆ ಗಂಜಿ ಇಡುತ್ತ ಅವಳ ವಯಸ್ಸು ಕಳೆಯಿತು. ಊರಿನದು ಅದು ಬೇಕು ಇದು ಬೇಕು ಎಂದವಳಲ್ಲ. ಹುಳಿ ಮಾಡುವಾಗ ಮಾತ್ರ, ನಾನ್‌ಸ್ಟಿಕ್ ಪಾತ್ರೆಯನ್ನು ಸೌಟಿನಿಂದ ತಟ್ಟಿ, "ಇದರಾಗೆ ಏನು ಬೇಯುತ್ತೆ, ಬಣ್ಣ ಬೇಯುತ್ತೆ" ಎನ್ನುತ್ತಿದ್ದಳು.

ಆ ಶನಿವಾರ ಶಾಲೆಯೊಂದರ ಮೈದಾನದಲ್ಲಿ ಹಳೇ ಸಾಮಾನಿನ ಸಂತೆ. ಜನ ಕಾರಿನ ಡಿಕ್ಕಿ ತೆಗೆದು, ಮನೆಯಲ್ಲಿ ಬೇಡವಾದದ್ದನ್ನೆಲ್ಲ ಹುಲ್ಲಿನ ಮೇಲೆ ಹರಡಿ ಕೂತಿದ್ದರು. ತಿಪ್ಪೇಸ್ವಾಮಿ ಹಳೇ ಸ್ಪ್ಯಾನರುಗಳ ರಾಶಿ ಕೆದಕುತ್ತಿದ್ದಾಗ ಚಂಪಾ ಕೂಗಿದಳು. ಹೋಗಿ ನೋಡಿದರೆ ಅವಳು ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ತೊಡೆಯ ಮೇಲೆ ಒಂದು ಮಡಕೆ ಇಟ್ಟುಕೊಂಡಿದ್ದಳು. ಅಗಲ ಹೊಟ್ಟೆ, ಎರಡು ಕಿವಿ. ಒಳಗೆಲ್ಲ ಜೇನು ಬಳಿದಂತೆ ಹೊಳಪು. ಹೊರಗೆ ಕಂದು ಬಣ್ಣದ ಮೇಲೆ ಬಿಳಿ ಹೂಗಳು, ಕಂಠದಿಂದ ಹಸಿರು ಇಳಿದು ಹೆಪ್ಪುಗಟ್ಟಿದ ಗೆರೆಗಳು.

ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದಳು. ಠಣ್ ಎಂದಿತು. "ಚೆನ್ನಾಗಿ ಬೆಂದೈತೆ," ಎಂದಳು. ಆಮೇಲೆ ಅವನ ಕೈ ಎಳೆದು, ಮಡಕೆಯ ಕಿವಿಯ ಕೆಳಗೆ ಒಂದು ಗುಳಿಯನ್ನು ಮುಟ್ಟಿಸಿದಳು. "ನೋಡ್ರಿ. ಕಿವಿ ಅಂಟಿಸುವಾಗ ಒತ್ತಿದ ಹೆಬ್ಬೆಟ್ಟು. ಹೆಂಗಸಿನ ಕೈ ಇದು." ತನ್ನ ಹೆಬ್ಬೆರಳನ್ನು ಇಟ್ಟು ತೋರಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಮಾರುತ್ತಿದ್ದ ಮುದುಕಿ ನಕ್ಕು, ಅದು ಮೆಕ್ಸಿಕೋದ್ದೆಂದೂ, ತನ್ನ ಅತ್ತೆ ಯಾವಾಗಲೋ ತಂದದ್ದೆಂದೂ, ತಾನು ಅದರಲ್ಲಿ ಒಣಗಿದ ಹೂ ಇಡುತ್ತಿದ್ದೆನೆಂದೂ ಹೇಳಿದಳು. ಕಾರಿಗೆ ಬರುವವರೆಗೂ ಚಂಪಾ ಅದನ್ನೇ ಹೇಳಿಕೊಂಡು ನಕ್ಕಳು. "ಮಡಕೆಯಾಗೆ ಹೂ ಇಡ್ತಿದ್ಳಂತೆ ಕಣ್ರೀ. ಇಷ್ಟು ವರ್ಷ ಒಲೆ ಮುಖ ನೋಡಿಲ್ಲ ಇದು, ಪಾಪ."

ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದಳು. ಗಂಜಿ ಕುದಿಸಿ ಚೆಲ್ಲಿದಳು. ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿದಳು. ಮೂರನೆಯ ದಿನ ಹುಳಿ ಮಾಡಿ, ಮುದ್ದೆ ಮುರಿದು ಅದ್ದಿ, ಕಣ್ಣು ಮುಚ್ಚಿಕೊಂಡು ನುಂಗಿದಳು. ತಿಪ್ಪೇಸ್ವಾಮಿಗೆ ರುಚಿಯಲ್ಲಿ ಅಂಥ ವ್ಯತ್ಯಾಸವೇನೂ ತಿಳಿಯಲಿಲ್ಲ. ಅವನಿಗೆ ಎದೆಯುರಿ; ಹುಳಿ ಕಡಿಮೆ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಅವನದು ಮೊಸರನ್ನವೇ ಹೆಚ್ಚು. ಚಂಪಾ ಮಾತ್ರ ಹುಳಿ, ಗೊಜ್ಜು, ಹುಣಸೆ ಹಿಂಡಿದ ಸಾರು ಎಲ್ಲವನ್ನೂ ಅದರಲ್ಲೇ ಕುದಿಸಿ, ಅದರಲ್ಲೇ ಇಟ್ಟು, ಮಾರನೆಯ ದಿನ ಇನ್ನೂ ರುಚಿಯೆಂದು ಡಬ್ಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ವರ್ಷ ಕಳೆದಂತೆ ಒಳಗಿನ ಜೇನು ಬಣ್ಣ ಮಾಸಿತು. ತಳದಲ್ಲಿ ಹೊಳಪು ಪೂರ್ತಿ ಹೋಗಿ ಮಂಕಾಯಿತು. ಅವಳು ಅದನ್ನು ಬೆಳಕಿಗೆ ಹಿಡಿದು ಅವನಿಗೆ ತೋರಿಸಿದ್ದಳು.

"ಈಗ ಪಳಗಿತು ನೋಡ್ರಿ."

* * *

ಅಪೇಕ್ಷಾ ಬಂದಾಗ ಹಾಲಿನಲ್ಲಿ ಮಾತು ನಿಂತಿತು. ಒಂದೂವರೆ ವರ್ಷದ ಮಗು ಶ್ರೀನಿಧಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳು ಹೊಸಿಲಲ್ಲೇ ನಿಂತಳು. ಅಳಿಯ ನಿತೀಶ್ ಶೂ ಕಳಚಿ ಒಳಗೆ ಬಂದು, ಪೆಟ್ಟಿಗೆಯ ಅಂಚಿಗೆ ಹಣೆ ಮುಟ್ಟಿಸಿ, ಮಾವನ ಭುಜ ಹಿಡಿದುಕೊಂಡ. ಅಪೇಕ್ಷಾಳ ಕಣ್ಣು ತಾಯಿಯ ಮುಖದ ಮೇಲೆ ಒಂದು ಸಲ ಬಿದ್ದು ಕಿಟಕಿಯ ಕಡೆ ಹೋಯಿತು.

"ಬಾಮ್ಮ," ಎಂದರು ಕೇಶವಮೂರ್ತಿಯವರು. "ತಾಯಿ ಬಾಯಿಗೆ ತುಳಸಿ ನೀರು ಬಿಡು. ಮಗೂನ ಇಲ್ಲಿ ಕೊಡು, ಅಜ್ಜಿ ಕಾಲು ಮುಟ್ಟಿಸ್ತಾರೆ."

ಯಾರೋ ಮಗುವಿಗೆ ಕೈಚಾಚಿದರು. ಅಪೇಕ್ಷಾ ಒಂದು ಹೆಜ್ಜೆ ಹಿಂದೆ ಸರಿದಳು. "ನೋ. ಪ್ಲೀಸ್, ಡೋಂಟ್."

"ಹೆದರಿಕೆ ಏನಮ್ಮ, ಅಜ್ಜಿ ತಾನೇ?"

"ಅವಳಿಗೆ ಹಾಲು ಬಿಸಿ ಮಾಡ್ಬೇಕು," ಎಂದವಳೇ ಅಪೇಕ್ಷಾ ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ನಡೆದಳು. ಹಿಂದೆ ಒಂದು ನಿಟ್ಟುಸಿರು, ಯಾರದೋ ಬಳೆಯ ಸದ್ದು. ತಿಪ್ಪೇಸ್ವಾಮಿ ಮಗಳ ಹಿಂದೆಯೇ ಹೋದ. ಅವನು ಹೋಗುವಷ್ಟರಲ್ಲಿ ಅವಳು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿ, ಮೇಲೆ ನೋಡುತ್ತ ನಿಂತಿದ್ದಳು.

"ಇದಿನ್ನೂ ಇದೆಯಾ ಅಪ್ಪ?"

ಅವನು ಟವೆಲನ್ನು ಓವನ್ನಿನ ಹಿಡಿಗೆ ಮತ್ತೆ ನೇತುಹಾಕಿದ.

"ಯೂ ಕೆಪ್ಟ್ ಇಟ್."

* * *

ಮೊದಲು ಹೊಟ್ಟೆನೋವು ಬಂದಿತ್ತು. ಆಸಿಡಿಟಿ ಎಂದು ಮಾತ್ರೆ ಕೊಟ್ಟರು. ಆಮೇಲೆ ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ, ಬಿ.ಪಿ.ಗೆ ಇನ್ನೊಂದು. ರೆಸ್ಟ್ ಹೋಮಿನಲ್ಲಿ ಮುದುಕರೊಬ್ಬರಿಗೆ ಚಹಾ ಕೊಡುವಾಗ ಚಂಪಾಳ ಮಣಿಕಟ್ಟು ಇದ್ದಕ್ಕಿದ್ದಂತೆ ಸೋತು ಕಪ್ ಕೆಳಗೆ ಬಿತ್ತು. ವಯಸ್ಸಾಯಿತು ಎಂದುಕೊಂಡಳು. ಕ್ಲಿನಿಕ್ಕಿಗೆ ಹೊಸದಾಗಿ ಬಂದ ಡಾಕ್ಟರ್ ಹುಡುಗಿಯೊಬ್ಬಳು ಇನ್ನೊಂದು ರಕ್ತಪರೀಕ್ಷೆ ಬರೆದಳು. ರಕ್ತದಲ್ಲಿ ಸೀಸವಿತ್ತು. ಕಿಡ್ನಿಗಳು ಆ ಹೊತ್ತಿಗೆ ಅರ್ಧ ಹೋಗಿದ್ದವು.

ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಮನೆಗೆ ಬಂದಳು. ಒಳ್ಳೆಯ ಹೆಂಗಸು. ಮೊದಲು ಕೇಳಿದ್ದು ತಿಪ್ಪೇಸ್ವಾಮಿಯ ಕೆಲಸದ ಬಗ್ಗೆ. ಗ್ಯಾರೇಜು, ಹಳೇ ಬ್ಯಾಟರಿ, ಕೆರೆದ ಪೇಂಟಿನ ಧೂಳು. ಬಟ್ಟೆಯಲ್ಲಿ ಮನೆಗೆ ಬಂದಿರಬಹುದು ಎಂದಳು. ಎಲ್ಲರ ರಕ್ತವನ್ನೂ ನೋಡಬೇಕು, ಬಾಣಂತನಕ್ಕೆ ಬಂದು ಇದ್ದು ಹೋದ ಮಗಳದ್ದೂ, ಕೂಸಿನದ್ದೂ. ಅಂದಿನಿಂದ ಅವನು ಗ್ಯಾರೇಜಿನಲ್ಲೇ ಸ್ನಾನ ಮಾಡಿ ಬರತೊಡಗಿದ. ಬೂಟುಗಳನ್ನು ಶೆಡ್ಡಿನಲ್ಲಿ ಬಿಟ್ಟ. ಚಂಪಾ ಅವನ ಓವರಾಲುಗಳನ್ನು ಹಿತ್ತಲಿನಲ್ಲಿ ಬೇರೆ ಬಕೆಟ್ಟಿನಲ್ಲಿ, ಸೋತ ಕೈಯಲ್ಲಿ ಒಗೆದಳು. ಆ ದಿನಗಳಲ್ಲಿ ಅವನು ಅವಳ ಪಕ್ಕ ಮಲಗಲಿಲ್ಲ. ತಾನೇ ಇವರನ್ನೆಲ್ಲ ಕೊಂದೆ ಎಂದುಕೊಂಡು ಸೋಫಾದ ಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಆ ಹೆಂಗಸು ಮತ್ತೆ ಬಂದಾಗ ಪಿಸ್ತೂಲಿನಂಥ ಒಂದು ಯಂತ್ರ ತಂದಿದ್ದಳು. ಕಿಟಕಿಯ ಪೇಂಟಿಗೆ ಹಿಡಿದಳು. ಅರಿಶಿನದ ಡಬ್ಬಿಗೆ, ಮಗುವಿನ ಆಟದ ಸಾಮಾನಿಗೆ, ಅವನ ಬೂಟಿಗೆ. ಕೊನೆಗೆ ಒಲೆಯ ಮೇಲಿದ್ದ ಮಡಕೆಗೆ ಹಿಡಿದಳು. ಯಂತ್ರವನ್ನು ಒಮ್ಮೆ ನೋಡಿ, ಇನ್ನೊಂದು ಮಗ್ಗುಲಿಗೆ ಹಿಡಿದು ಮತ್ತೆ ನೋಡಿದಳು. "ಇದರಲ್ಲಿ ಅಡುಗೆ ಮಾಡ್ತೀರಾ?" ಎಂದು ಕೇಳಿದಳು. ಹೊಳಪು ಬರಲು ಹಾಕುವ ಗಾಜಿನ ಲೇಪದಲ್ಲಿ ಸೀಸ ಇರುತ್ತದೆ, ಹುಳಿ ಬಿದ್ದರೆ ಅದು ಬಿಟ್ಟುಕೊಳ್ಳುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು.

ತಿಪ್ಪೇಸ್ವಾಮಿ ಎದೆ ತುಂಬ ಹಿಡಿದಿದ್ದ ಉಸಿರು ಬಿಟ್ಟ. ತಾನಲ್ಲ. ಆ ಒಂದು ಕ್ಷಣ ಅವನ ಮುಖದ ಮೇಲೆ ಏನು ಹಾದುಹೋಯಿತೋ, ಚಂಪಾ ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಅವಳು ಅಂದುಬಿಟ್ಟಿದ್ದರೆ ಆಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

ಅವಳು ಆ ಹೆಂಗಸನ್ನು ಕೇಳಿದ್ದು ಒಂದೇ: ಮಾಡಿದವಳಿಗೆ ಇದು ಗೊತ್ತಿರಲಿಲ್ಲವೇ? ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಎಂದಳು ಆಕೆ. ಬರಿಗೈಯಲ್ಲೇ ಲೇಪ ಬಳಿಯುತ್ತಾರೆ, ಮೊದಲು ಕಾಯಿಲೆ ಬೀಳುವವರು ಅವರೇ.

ಆಕೆ ಹೋದ ಮೇಲೆ ಚಂಪಾ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿಯ ಕೆಳಗಿನ ಗುಳಿಯನ್ನು ಸವರಿದಳು. "ಹಂಗಾದ್ರೆ ಇವಳೂ ಹೋಗಿರಬೇಕು," ಎಂದಳು. "ಮಕ್ಕಳು ಮರಿ ಇದ್ದವೋ ಏನೋ."

"ಒಡೆದು ಬಿಸಾಕ್ತೀನಿ ಕೊಡು."

"ಒಡೀಬ್ಯಾಡ್ರಿ." ಮಡಕೆಯ ಕಂಠವನ್ನು ಅಂಗೈಯಿಂದ ಒರೆಸಿ ಅಂದಳು: "ಯಾರಿಗೂ ಹೇಳಬ್ಯಾಡ್ರಿ. ಕುಂಬಾರರ ಮಗಳು ಮಡಕೆ ನೋಡಿ ಮೋಸ ಹೋದ್ಳು ಅಂತಾರೆ. ಕೂಸಿಗೆ ವಿಷ ಉಣಿಸಿದ್ಳು ಅಂತಾರೆ. ಮಾತು ಕೊಡ್ರಿ."

ಅವನು ಕೊಟ್ಟ.

ಮಗಳಿಗಂತೂ ಹೇಳಲೇಬೇಕಾಯಿತು. ಬಸುರಿಯಾಗಿದ್ದಾಗ ಹುಳಿ ಬೇಕು ಹುಳಿ ಬೇಕು ಎಂದು ಅಪೇಕ್ಷಾ ಬಟ್ಟಲುಗಟ್ಟಲೆ ಕುಡಿದಿದ್ದಳು. ಬಾಣಂತನದಲ್ಲಿ ದಿನವೂ ಮೆಣಸಿನ ಸಾರು. ಕೂಸು ಹುಟ್ಟುವಾಗಲೇ ತೂಕ ಕಡಿಮೆ, ಎದೆಹಾಲಿನಲ್ಲೂ ಸೀಸ ಹೋಗಿತ್ತು. ಮುಂದೆ ಏನಾಗುತ್ತದೆಂದು ಈಗಲೇ ಹೇಳಲಾಗದು, ಮಾತು ತಡವಾಗಬಹುದು, ಕಲಿಕೆ ನಿಧಾನವಾಗಬಹುದು, ಏನೂ ಆಗದೆಯೂ ಇರಬಹುದು, ಕಾದು ನೋಡೋಣ ಎಂದರು ಮಕ್ಕಳ ಡಾಕ್ಟರು. ಅಪೇಕ್ಷಾ ಕೂಗಾಡಲಿಲ್ಲ. ಬರುವುದನ್ನು ನಿಲ್ಲಿಸಿದಳು. ಚಂಪಾ ಹೊಸ ಸ್ಟೀಲ್ ಪಾತ್ರೆ ತಂದು, ಅದರಲ್ಲಿ ರವೆ ಉಂಡೆ, ಚಕ್ಕುಲಿ ಮಾಡಿ ನಿತೀಶನ ಕೈಯಲ್ಲಿ ಕಳಿಸಿದರೆ ಡಬ್ಬಿ ಹೇಗೆ ಹೋಗಿತ್ತೋ ಹಾಗೇ ಹಿಂದಕ್ಕೆ ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ಚಂಪಾ ಕಳಿಸಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಳು. ಟಿ.ವಿ. ಮುಂದೆ ಒಗೆದ ಬಟ್ಟೆ ಮಡಿಚುತ್ತ ಕೂತವಳು, ಕಳೆದ ವಾರ, ಬಟ್ಟೆಯ ರಾಶಿಯ ಮೇಲೆಯೇ ಒರಗಿದಳು.

* * *

ಅಪೇಕ್ಷಾ ಮಗುವನ್ನು ಶಾಂತಾಳ ಕೈಗೆ ಕೊಟ್ಟು, ಮಡಕೆಯನ್ನು ಫ್ರಿಜ್ಜಿನ ಮೇಲಿಂದ ಇಳಿಸುತ್ತಿದ್ದಾಗ ಕೇಶವಮೂರ್ತಿಯವರು ಬಾಗಿಲಿಗೆ ಬಂದರು.

"ಹಾಂ, ಅದೇ. ನಿಮ್ಮಪ್ಪಂಗೆ ನೀನೇ ಹೇಳಮ್ಮ. ಈ ಹೊತ್ತಲ್ಲಿ ಹಠ ಮಾಡಬಾರದು." ಅವಳು ಮಡಕೆಯನ್ನು ಅವರತ್ತ ಚಾಚದಿರುವುದನ್ನು ನೋಡಿ ಅವರ ದನಿ ಗಡುಸಾಯಿತು. ಹಿಂದೆ ನಾಲ್ಕೈದು ಜನ ಬಂದು ನಿಂತಿದ್ದರು. "ನೋಡಮ್ಮ, ಹೇಳಬಾರದು, ಆದ್ರೂ ಹಿರಿಯನಾಗಿ ಹೇಳ್ತೀನಿ. ಬದುಕಿದ್ದಾಗ ಅವಳ ಮುಖ ನೋಡಲಿಲ್ಲ ನೀನು. ಮೊಮ್ಮಗು ಮೊಮ್ಮಗು ಅಂತ ಕೊರಗಿ ಹೋಯ್ತು ಆ ಜೀವ. ಈಗ ಒಂದು ಮಡಕೆಗೂ—"

"ಸಾರ್," ಎಂದ ತಿಪ್ಪೇಸ್ವಾಮಿ.

ಅಪೇಕ್ಷಾ ಅವನ ಕಡೆ ನೋಡಿದಳು. ಅವಳು ಬಾಯಿ ಬಿಡಲಿಲ್ಲ. ಇಷ್ಟು ತಿಂಗಳೂ ಬಿಟ್ಟಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಊರೆಲ್ಲ ಆಡಿಕೊಳ್ಳುತ್ತಿದ್ದರೂ ಅಮ್ಮನ ಗುಟ್ಟನ್ನು ಅವಳೂ ಕಾಪಾಡಿದ್ದಳು.

"ಇದರಾಗೆ ಸೀಸ ಐತೆ ಸಾರ್," ಎಂದ. "ಈ ಹೊಳಪಿನಾಗೆ. ಹುಳಿ ಬಿದ್ದಂಗೆಲ್ಲ ಬಿಡ್ತದೆ. ವರ್ಷಗಟ್ಟಲೆ ಉಂಡ್ಳು ಚಂಪಾ. ಅವಳಿಗೆ ಕಿಡ್ನಿ ಹೋಗಿದ್ದು ಇದರಿಂದ. ಬಾಣಂತನದಾಗೆ ಇವಳಿಗೂ ಇದರಾಗೇ ಮಾಡಿ ಹಾಕಿದ್ಳು. ಕೂಸಿಗೂ ಹೋಗೈತೆ. ನನ್ನ ಮಗಳು ಬರದೇ ಇದ್ದಿದ್ದು ಅದಕ್ಕೆ. ಬ್ಯಾರೆ ಏನೂ ಇಲ್ಲ."

ಕೇಶವಮೂರ್ತಿಯವರು ತೊಳೆದಿಟ್ಟ ಲೋಟವೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು.

"ಅಣ್ಣ," ಎಂದಳು ಶಾಂತಾ. ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. "ನಾನು ಅವಳ ಡಬ್ಬೀಲೇ ಉಣ್ತಿದ್ದೆ. ದಿನಾ. ಅರ್ಧ ನಂಗೆ ಅಂತಲೇ ತರೋಳು."

ಅವನಿಗೆ ಇದು ಗೊತ್ತಿರಲಿಲ್ಲ. ಆ ಸರಕಾರಿ ಹೆಂಗಸು ಬೇರೆ ಯಾರಾದರೂ ಇದರಲ್ಲಿ ಉಂಡಿದ್ದಾರೆಯೇ ಎಂದು ಕೇಳಿದ್ದು, ಚಂಪಾ ಇಲ್ಲವೆಂದು ತಲೆಯಾಡಿಸಿದ್ದು ನೆನಪಾಯಿತು.

"ರಕ್ತ ಪರೀಕ್ಷೆ ಮಾಡಿಸ್ಕೋ ಶಾಂತಮ್ಮ," ಎಂದ. "ನಾಳೇನೇ ಹೋಗು."

ಶಾಂತಾ ಹಾಲಿನ ಕಡೆ, ಅಲ್ಲಿಂದ ಕಾಣುತ್ತಿದ್ದ ಪೆಟ್ಟಿಗೆಯ ಮೂಲೆಯ ಕಡೆ ನೋಡಿದಳು. ಗೆಳತಿಗೆ ಏನೋ ಕೇಳಬೇಕಾಗಿತ್ತು ಎಂಬಂತೆ ನೋಡಿದಳು.

ಅಪೇಕ್ಷಾ ಮಡಕೆಯನ್ನು ಎರಡು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲು ತೆಗೆದು, ಹಲಗೆ ಹಾಸಿದ ಡೆಕ್ಕಿಗೆ ನಡೆದಳು. ತಿಪ್ಪೇಸ್ವಾಮಿ ಹಿಂದೆ ಹೋಗಿ ಬಾಗಿಲಲ್ಲಿ ನಿಂತ.

"ಒಡೆಯಲ್ಲ ಅಂತ ಅವಳಿಗೆ ಮಾತು ಕೊಟ್ಟೀನಿ ಮಗಳೆ."

"ನಾನು ಕೊಟ್ಟಿಲ್ಲ ಅಪ್ಪ."

ತಲೆಯ ಮೇಲೆ ಎತ್ತಿ ಕಾಂಕ್ರೀಟಿನ ಮೆಟ್ಟಿಲ ಮೇಲೆ ಎಸೆದಳು. ಮಡಕೆ ನಾಲ್ಕಾರು ಹೋಳಾಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಗಾಳಿಯೇ ಹೆಚ್ಚು ಸದ್ದು ಮಾಡುತ್ತಿತ್ತು. ಹೋಳುಗಳ ಅಂಚಿನಲ್ಲಿ ಬಿಸ್ಕತ್ತಿನ ಬಣ್ಣದ, ಸುಮ್ಮನೆ ಮಣ್ಣಾದ ಮಣ್ಣು ಕಂಡಿತು. ಅಪೇಕ್ಷಾ ಅದನ್ನೇ ನೋಡುತ್ತ ನಿಂತಳು. ಇನ್ನೇನಾದರೂ ಆಗಬೇಕಿತ್ತು, ಆಗಲಿಲ್ಲ ಎಂಬಂತೆ ನಿಂತಿದ್ದು, ಒಳಗೆ ಹೋಗಿ ಮಗುವನ್ನು ಎತ್ತಿಕೊಂಡಳು.

ಅವನು ಕೂತು ಹೋಳುಗಳನ್ನು ಆರಿಸಿ ಹಳೇ ಪೇಪರಿನಲ್ಲಿ ಸುತ್ತಿದ. ಕಿವಿಯಿದ್ದ ಚೂರು ಕೈಗೆ ಸಿಕ್ಕಿತು. ಆ ಗುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ. ಸ್ಪ್ಯಾನರು ಹಿಡಿದು ದಪ್ಪಗಾದ ಬೆರಳು ಅದರೊಳಗೆ ಕೂರಲಿಲ್ಲ. ಅದನ್ನೂ ಪೇಪರಿಗೆ ಸೇರಿಸಿ, ಕಸದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

ಅಷ್ಟರಲ್ಲಿ ನಿತೀಶ್ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗಿಡ ನೆಡುವ ಮಣ್ಣಿನ ಕುಂಡ ತಂದ. ತಳದಲ್ಲಿ ನೀರು ಇಳಿಯಲೆಂದು ಮೊದಲೇ ತೂತಿತ್ತು. ಕೇಶವಮೂರ್ತಿಯವರು ಅದನ್ನು ತಿರುಗಿಸಿ ನೋಡಿ, "ಆಗುತ್ತೆ. ಹೇಗೂ ತೂತು ಮಾಡಲೇಬೇಕು," ಎಂದರು. ಅವರ ದನಿಯಲ್ಲಿ ಹಿಂದಿನ ಗಟ್ಟಿತನ ಇರಲಿಲ್ಲ.

* * *

ಚಂಪಾಳ ಕಡೆಯವರಲ್ಲಿ ಹೂಳುವುದೇ ಪದ್ಧತಿ. ಸ್ಮಶಾನ ಊರಾಚೆ, ಗುಡ್ಡದ ಬುಡದಲ್ಲಿತ್ತು. ಗುಂಡಿ ತೋಡಿದ ಹಳದಿ ಯಂತ್ರವನ್ನು ಮರಗಳ ಮರೆಯಲ್ಲಿ ನಿಲ್ಲಿಸಿದ್ದರು. ತೆಗೆದ ಮಣ್ಣಿನ ದಿಬ್ಬಕ್ಕೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲು ಹೊದಿಸಿದ್ದರು. ಮಣ್ಣು ಕಣ್ಣಿಗೆ ಬೀಳಬಾರದೆಂದು ಇಲ್ಲಿಯವರ ರೀತಿ. ತಿಪ್ಪೇಸ್ವಾಮಿ ಆ ಹೊದಿಕೆಯನ್ನು ತೆಗೆಸಿದ.

ಮಗಳೂ ಕುಂಡ ಹೊರಬಹುದು, ಈ ಕಾಲದಲ್ಲಿ ತಪ್ಪಿಲ್ಲ ಎಂದು ಕೇಶವಮೂರ್ತಿಯವರು ಮೆಲ್ಲಗೆ ಹೇಳಿ ನೋಡಿದರು. ಅಪೇಕ್ಷಾ ಒಲ್ಲೆನೆಂದು ತಲೆಯಾಡಿಸಿದಳು. ಅವನೇ ಹೊತ್ತ. ಸುತ್ತು ಬರುವಾಗ ಕುಂಡದ ತೂತಿನಿಂದ ನೀರು ಸೋರಿ, ಕೋಟಿನೊಳಗೆ ಬೆನ್ನಗುಂಟ ಇಳಿದು ಸೊಂಟದವರೆಗೆ ಹರಿಯಿತು. ಮೂರನೆಯ ಸುತ್ತು ಮುಗಿಯುವ ಮೊದಲೇ ನೀರು ಖಾಲಿಯಾಗಿತ್ತು. ಹಿಂದೆ ನೋಡದೆ ಕುಂಡವನ್ನು ಬೆನ್ನ ಹಿಂದಕ್ಕೆ ಬಿಟ್ಟ.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರಾಗಿ ಬಂದು ಹಿಡಿ ಹಿಡಿ ಮಣ್ಣು ಹಾಕಿದರು. ಶಾಂತಾ ಮಣ್ಣು ಹಿಡಿದು ಬಹಳ ಹೊತ್ತು ನಿಂತು, ಆಮೇಲೆ ಹಾಕಿದಳು. ರೆಸ್ಟ್ ಹೋಮಿನಿಂದ ವೀಲ್‌ಚೇರಿನಲ್ಲಿ ಬಂದಿದ್ದ ಮುದುಕರೊಬ್ಬರು ಕೈಗವಸು ಕಳಚಿ ಹಾಕಿದರು. ಅಪೇಕ್ಷಾ ಮಾತ್ರ ಜಾಕೆಟ್ಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ದೂರದಲ್ಲೇ ನಿಂತಿದ್ದಳು. ನಿತೀಶ್ ಅವಳ ಕಿವಿಯಲ್ಲಿ ಏನೋ ಹೇಳಿದ. "ಐ ಕಾಂಟ್," ಎಂದಳು. ಅವಳನ್ನು ಯಾರೂ ಏನೂ ಅನ್ನಲಿಲ್ಲ. ತಿಪ್ಪೇಸ್ವಾಮಿಯೂ ಕರೆಯಲಿಲ್ಲ.

ಅವಳ ಕಾಲ ಬುಡದಲ್ಲಿದ್ದ ಮಗು ಯಾವಾಗ ಸರಿದು ಹೋಯಿತೋ ಯಾರೂ ನೋಡಲಿಲ್ಲ. ಎಲ್ಲರಿಗಿಂತ ಮೊದಲು ಕಂಡದ್ದು ತಿಪ್ಪೇಸ್ವಾಮಿಗೆ. ಶ್ರೀನಿಧಿ ದಿಬ್ಬದ ಅಂಚಿನಲ್ಲಿ ಕೂತು, ಎರಡೂ ಮುಷ್ಟಿಯಲ್ಲಿ ಮಣ್ಣು ಹಿಡಿದು, ಗಲ್ಲ ಉಬ್ಬಿಸಿಕೊಂಡು ಜಗಿಯುತ್ತಿತ್ತು. ತುಟಿಯ ಎರಡೂ ಕಡೆ ಕರಿ ಜೊಲ್ಲು ಇಳಿಯುತ್ತಿತ್ತು.

"ಅಪೇಕ್ಷಾ," ಎಂದ ಅವನು.

ಅವಳು ಓಡಿ ಬಂದು ಮೊಣಕಾಲೂರಿ ಬಿದ್ದಳು. ಮಗುವಿನ ಗದ್ದ ಹಿಡಿದು, ತೋರುಬೆರಳು ಒಳಗೆ ತೂರಿಸಿ, ಒಸಡಿನ ಸಂದು, ನಾಲಿಗೆಯ ಅಡಿ, ಗಂಟಲ ತನಕ ಗೋರಿ ಗೋರಿ ತೆಗೆದಳು. ಮಗು ಕಕ್ಕುವಂತೆ ಮಾಡಿ ಚೀರಿತು. ಅವಳು ಬಿಡಲಿಲ್ಲ. "ಉಗಿ. ಉಗಿ ಕಂದ. ಉಗಿಯೇ," ಎನ್ನುತ್ತಿದ್ದಳು. ಮಗುವಿನೊಡನೆ ಅವಳು ಕನ್ನಡ ಆಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಬಾಯಿ ಖಾಲಿಯಾದ ಮೇಲೂ ಅವಳ ಬೆರಳು ಅಲ್ಲೇ ಹುಡುಕುತ್ತಿತ್ತು. ನಿತೀಶ್ ಬಂದು ಮಗುವನ್ನು ಎತ್ತಿಕೊಂಡ.

ಅಪೇಕ್ಷಾಳ ಅಂಗೈಯಲ್ಲಿ ಜೊಲ್ಲಿನಲ್ಲಿ ಕಲಸಿದ ಮಣ್ಣು ಒಂದು ತುತ್ತಿನಷ್ಟು ಉಳಿದಿತ್ತು. ಝಾಡಿಸಲು ಕೈ ಎತ್ತಿದವಳು ನಿಂತಳು. ಮೊಣಕಾಲಿನಲ್ಲೇ ಎರಡು ಮಾರು ತೆವಳಿ, ಗುಂಡಿಯ ಮೇಲೆ ಕೈಚಾಚಿ, ಅಂಗೈಯನ್ನು ಮೆಲ್ಲಗೆ ಮಗುಚಿದಳು. ಒದ್ದೆ ಮಣ್ಣು ಒಡನೆ ಬೀಳಲಿಲ್ಲ. ಅಂಟಿಕೊಂಡಿತ್ತು. ಅವಳು ಕೈ ಹಿಂದಕ್ಕೆ ತೆಗೆಯದೆ, ಅದು ತಾನಾಗಿ ಬಿಟ್ಟುಕೊಳ್ಳುವವರೆಗೂ ಹಾಗೆಯೇ ಹಿಡಿದುಕೊಂಡಿದ್ದಳು.